ಹನ್ನೆರಡನ್ನು ಹದಿನಾಲ್ಕು ಎಂದದ್ದು

ಆ ದಿನ ಸರಸಿಯ ಕೈಗೆ ನಾನು ಕೊಟ್ಟ ಗುಂಡು ಹನ್ನೆರಡು ಪೌಂಡಿನದು. ಉರುಳುಮನೆಯಲ್ಲಿ ಸೇರಿದ್ದವರಿಗೆಲ್ಲ ಕೇಳುವಂತೆ ನಾನು ಹೇಳಿದ್ದು ಹದಿನಾಲ್ಕು ಎಂದು. ಇಪ್ಪತ್ತೆರಡು ವರ್ಷ ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ್ದು ಹೋದ ವಾರ. ಎರಡು ಪೌಂಡಿನ ಸುಳ್ಳಿಗೆ ಇಷ್ಟೊಂದು ಸಂಕಟವೇ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಎಷ್ಟೋ ಸಲ ಹಾಗೆ ಅನ್ನಿಸಿಕೊಳ್ಳುವ ಆಸೆಯಾಗಿದೆ.

ಸರಸಿ ನನ್ನ ಗಂಡನ ತಂಗಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತು, ಅವಳಿಗೆ ಹದಿನೈದು. ನನ್ನ ಗಂಡ ಒಳ್ಳೆಯವರೇ, ಆದರೆ ಅವರ ಬಾಯಿಂದ ಮಾತು ಹೊರಡಿಸುವುದೆಂದರೆ ಒಣಗಿದ ನಿಂಬೆಹಣ್ಣನ್ನು ಹಿಂಡಿದ ಹಾಗೆ. "ಇವತ್ತು ಅಣ್ಣ ಹನ್ನೊಂದು ಮಾತಾಡಿದಾನೆ ಕಣೇ, ಅದರಲ್ಲಿ ನಾಲ್ಕು ಸಲ ಉಪ್ಪು," ಎಂದು ಸರಸಿ ರಾತ್ರಿ ಪಾತ್ರೆ ತೊಳೆಯುವಾಗ ವರದಿ ಕೊಡುತ್ತಿದ್ದಳು. ಹಿರಿಯರೆದುರು ನನ್ನನ್ನು ಅತ್ತಿಗೆ, ನೀವು ಎನ್ನುವವಳು, ಅಡುಗೆಮನೆಯ ಬಾಗಿಲು ದಾಟಿದ ಕೂಡಲೇ ನೀನು ಎನ್ನುತ್ತಿದ್ದಳು. ಆ ಒಂದು ನೀನುವಿಗಾಗಿ ನಾನು ಬೆಳಿಗ್ಗೆ ಏಳುತ್ತಿದ್ದೆ ಎಂದರೆ ಹೆಚ್ಚಲ್ಲ. ಅವಳ ಕಿವಿ ವಿಚಿತ್ರ ಚುರುಕು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಕೂತವಳು, ಒಳಗೆ ಬಿದ್ದ ತಟ್ಟೆ ಯಾವುದೆಂದು ಸದ್ದಿನಿಂದ ಹೇಳುತ್ತಿದ್ದಳು. "ಮಾವನ ಮನೆಯಿಂದ ಬಂದಿದ್ದು. ಅಂಚು ನೆಗ್ಗಿತು, ಅಮ್ಮನಿಗೆ ಹೇಳ್ಬೇಡ."

ನಮ್ಮೂರಲ್ಲಿ ಯಾರಾದರೂ ತಮಗೆ ಬೇಕಾದ ದೊಡ್ಡ ಸಂಗತಿಯೊಂದನ್ನು ಮಾಡಬೇಕೆಂದರೆ, ಮದುವೆಯಾಗುವುದಿರಲಿ, ಮದುವೆ ಬೇಡವೆನ್ನುವುದಿರಲಿ, ಊರು ಬಿಡುವುದಿರಲಿ, ಹತ್ತು ಬೊಂಬೆ ಬೀಳಬೇಕು. ಆ ವಿಷಯದಲ್ಲಿ ಮಾತಿರುವ ಹತ್ತು ಜನರನ್ನು ಹೆಸರಿಸಿ, ಅವರವರ ಮರದ ಬೊಂಬೆಗಳನ್ನು ಉರುಳುಮನೆಯ ಉದ್ದನೆಯ ಹಲಗೆದಾರಿಯ ಆ ತುದಿಯಲ್ಲಿ ನಿಲ್ಲಿಸುತ್ತಾರೆ. ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಗೆ ನಾಲ್ಕು. ಈ ತುದಿಯಿಂದ ಗುಂಡು ಉರುಳಿಸಬೇಕು, ಒಂದು ಆಸೆಗೆ ಒಂದೇ ಸಲ. ಬಿದ್ದ ಬೊಂಬೆಯವರ ಮನಸ್ಸಿನಲ್ಲಿದ್ದ ಬೇಡ ಅಲ್ಲಿಗೆ ಮುಗಿಯುತ್ತದೆ. ನನ್ನ ಮದುವೆ ಬೇಡವೆಂದು ಮೂರು ತಿಂಗಳು ಗೋಳಾಡಿದ್ದ ನನ್ನ ಸೋದರತ್ತೆ, ಬೊಂಬೆ ಬಿದ್ದ ಸಂಜೆಯೇ ಅರಿಶಿನ ಕುಟ್ಟಲು ಕೂತಳು. ನಿನ್ನೆ ಯಾಕೆ ಅಳ್ತಿದ್ದೆ ಎಂದು ಕೇಳಿದರೆ, "ನಾನಾ? ಅತ್ನಾ?" ಎಂದಳು. ನಿಂತ ಬೊಂಬೆಯವರ ಬೇಡ ಮಾತ್ರ ಹಾಗೇ ಉಳಿಯುತ್ತದೆ. ಒಂದೇ ಒಂದು ನಿಂತರೂ ಆ ಆಸೆಯನ್ನು ಬಿಡಬೇಕು.

ಇದಕ್ಕೊಂದು ದಾರಿಯಿದೆ. ನಿಂತ ಬೊಂಬೆಯವರು ತಾವೇ ಎದ್ದು, ಬರಿಗಾಲಲ್ಲಿ ಆ ಹಲಗೆಯ ಮೇಲೆ ನಡೆದುಹೋಗಿ, ತಮ್ಮ ಬೊಂಬೆಯನ್ನು ಕೈಯಾರೆ ಮಲಗಿಸಬಹುದು. ಗುಂಡು ಉರುಳಿದ ಮೇಲೆ ನೀರಿನ ಹಂಡೆಯಲ್ಲಿ ತಳಕ್ಕೆ ತೂತಿರುವ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಾರೆ. ಅದು ತುಂಬಿ ಮುಳುಗುವುದರೊಳಗೆ ಏಳಬೇಕು. ಯಾರೂ ಏಳು ಎನ್ನುವಂತಿಲ್ಲ, ಕಣ್ಣಲ್ಲಿ ಕೂಡ. ಹಾಗೆ ತಾವೇ ಎದ್ದು ಮಲಗಿಸಿದವರ ಬೊಂಬೆ ಅವತ್ತೇ ಬಚ್ಚಲೊಲೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾವ ಮನೆಯ ಯಾವ ಮಾತಿನಲ್ಲೂ ಅವರನ್ನು ನಿಲ್ಲಿಸುವುದಿಲ್ಲ. ತಮ್ಮ ಮಕ್ಕಳ ಮದುವೆಯಲ್ಲೂ ಅವರು ಬರಿಯ ನೋಡುವವರು. ಇಡೀ ಊರಿನಲ್ಲಿ ಹಾಗೆ ಎದ್ದವರನ್ನು ನಾನು ಇಬ್ಬರನ್ನೇ ಕಂಡಿದ್ದೇನೆ.

ಊರಿಗೆ ಇದೆಲ್ಲ ಅಭ್ಯಾಸವಾಗಿಹೋಗಿದೆ. ಜಗಳದಲ್ಲಿ ಹೆಂಗಸರು, "ನಮ್ಮ ಮನೆ ಆಟ ಬರ್ಲಿ, ನಿನ್ನ ಮೂಲೆಗೆ ನಿಲ್ಲಿಸ್ತೀನಿ," ಎನ್ನುತ್ತಾರೆ. ಮೂಲೆಯ ಬೊಂಬೆ ಬಿದ್ದರೂ ಪಕ್ಕದವರ ಕಾಲು ತಗುಲಿ ಬೀಳುವುದು, ಅದು ಅವಮಾನ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗುಂಡು ಉರುಳಿಸುವವರ ಇಷ್ಟ. ಗಂಡ ಹೆಂಡತಿಯನ್ನು ಸಾಮಾನ್ಯವಾಗಿ ಅಕ್ಕಪಕ್ಕ ನಿಲ್ಲಿಸುತ್ತಾರೆ. ಆದರೆ ಗುಂಡನ್ನು ಆರಿಸಿ ಕೈಗೆ ಕೊಡುವುದು, ಅದರ ತೂಕವನ್ನು ಗಟ್ಟಿಯಾಗಿ ಸಾರುವುದು ಕಾವಲಿನವರ ಕೆಲಸ. ಆ ಕೆಲಸ ನನ್ನ ತವರಿನದು. ನನ್ನ ಅಪ್ಪ ಮೂವತ್ತು ವರ್ಷ ಗುಂಡು ಕೊಟ್ಟವರು. ಗುಂಡುಗಳ ಮೇಲಿನ ಅಂಕಿಗಳೆಲ್ಲ ಎಂದೋ ಸವೆದುಹೋಗಿವೆ. ತೂಕ ನಮ್ಮ ಕೈಗೆ ಮಾತ್ರ ಗೊತ್ತು. ಅಪ್ಪನ ಸೊಂಟ ಹಿಡಿದುಕೊಂಡ ಮೇಲೆ, ಮದುವೆಯಾಗಿದ್ದರೂ ಗುಂಡಿನ ಕಪಾಟಿನ ಬೀಗದ ಕೈ ನನಗೇ ಬಂತು.

ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಆ ತುದಿಯಲ್ಲಿ ಬೊಂಬೆಗಳ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಈ ತುದಿಯಿಂದ ಒಂದೊಂದೇ ಗುಂಡು ಬಿಡುತ್ತಿದ್ದರು. "ನೋಡ್ಕೋ ಮಗಾ, ಗುಂಡು ಮುಟ್ಟೋದು ಹತ್ತರಲ್ಲಿ ನಾಲ್ಕನ್ನೇ. ಉಳಿದ ಆರನ್ನ ಅವವೇ ಬೀಳಿಸ್ಕೋತವೆ." ಎಂಟು ಪೌಂಡಿನದು ಮುಂದಿನ ಬೊಂಬೆಗೆ ತಗುಲಿದ ಕೂಡಲೇ ಹೆದರಿದವರಂತೆ ಪಕ್ಕಕ್ಕೆ ಸರಿದು ಹೊರಟುಬಿಡುತ್ತಿತ್ತು. ಬೊಂಬೆಗಳು ಚಟಪಟ ಹಾರಿ ಗದ್ದಲವೇನೋ ಆಗುತ್ತಿತ್ತು, ನೋಡಲು ಚೆಂದ, ಆದರೆ ನಡುವಿನದು ನಿಂತೇ ಇರುತ್ತಿತ್ತು. ಹದಿನಾಲ್ಕರದು ಮುಂದಿನದನ್ನು ಕೆಡವಿ, ದಾರಿ ಬಿಡದೆ ಒಳಗೆ ನುಗ್ಗಿ, ನಡುವಿನದನ್ನು ಎದೆಗೆ ಎದೆ ಕೊಟ್ಟು ಮಲಗಿಸುತ್ತಿತ್ತು. ಹಾಗಂತ ಭಾರವೇ ಒಳ್ಳೆಯದೆಂದಲ್ಲ. ತೋಳಿಗೆ ಮೀರಿದ ಹದಿನಾರು ನಿದ್ದೆಗಣ್ಣಲ್ಲಿ ನಡೆದ ಹಾಗೆ ತೂಗಾಡುತ್ತ ಹೋಗಿ ಹಲಗೆಯ ಪಕ್ಕದ ಚರಂಡಿಗೆ ಬೀಳುತ್ತಿತ್ತು. "ತೋಳು ತಾಳೋ ಅಷ್ಟು ಭಾರ. ಒಂದು ಚೂರು ಕಡಿಮೆ ಅಲ್ಲ, ಒಂದು ಚೂರು ಜಾಸ್ತಿ ಅಲ್ಲ. ಅದನ್ನ ಹುಡುಕಿ ಕೊಡೋದೇ ನಮ್ಮ ಕೆಲಸ," ಎನ್ನುತ್ತಿದ್ದರು ಅಪ್ಪ.

ಸರಸಿಗೆ ಇಪ್ಪತ್ತೊಂದು ತುಂಬಿದ ವರ್ಷ, ಪ್ರತಿ ಬೇಸಿಗೆಯಲ್ಲಿ ನಮ್ಮೂರಿಗೆ ಬರುತ್ತಿದ್ದ ಹಾರ್ಮೋನಿಯಂ ರಿಪೇರಿಯ ಗೌರಾಬಾಯಿ ಅವಳ ಕಿವಿಯನ್ನು ಕಂಡುಹಿಡಿದಳು. ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿ, ಹಿತ್ತಾಳೆಯ ರೀಡುಗಳನ್ನು ಕೂದಲೆಳೆಯಷ್ಟು ಹೆರೆದು ಶ್ರುತಿ ಕೂಡಿಸುತ್ತ ಕೂತಿದ್ದಳು. ನೀರು ಕೊಡಲು ಹೋದ ಸರಸಿ, "ಎಡಗಡೆಯಿಂದ ಏಳನೇದು ಇನ್ನೂ ಅಳ್ತಾ ಇದೆ," ಎಂದಳಂತೆ. ಗೌರಾಬಾಯಿ ಮತ್ತೆ ಒತ್ತಿ ನೋಡಿ, ಲೋಟ ಕೆಳಗಿಟ್ಟು, "ನನ್ನ ಜೊತೆ ಬರ್ತೀಯಾ? ಏಳು ವರ್ಷದ ಕಲಿಕೆ. ಊರೂರು ತಿರುಗೋದು," ಎಂದಳು.

ಮನೆಯಲ್ಲಿ ರಂಪವಾಯಿತು. ಅತ್ತೆ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾವ, ಶೇಷಪ್ಪ ಚಿಕ್ಕಪ್ಪ, ಲೀಲಾ ಚಿಕ್ಕಮ್ಮ, ಎಲ್ಲರದೂ ಒಂದೇ ರಾಗ. ನನ್ನ ಗಂಡ ಕೂಡ ಅವತ್ತಿನ ಪಾಲಿನ ಹನ್ನೊಂದರಲ್ಲಿ ಮೂರನ್ನು ‘ಬೇಡ’ಕ್ಕೆ ಖರ್ಚು ಮಾಡಿದರು. ಹೋಗಲಿ ಎಂದವಳು ನಾನೊಬ್ಬಳೇ. "ಹೋಗು ಸರಸಿ, ಇಂಥದ್ದು ಎರಡನೇ ಸಲ ಬರಲ್ಲ," ಎಂದು ಅವಳ ಕೈ ಹಿಡಿದು ಹೇಳಿದ್ದೆ. ಹೇಳುವಾಗ ಅದು ನಿಜವೇ ಆಗಿತ್ತು. ಆಮೇಲೆ ಒಲೆ ಊದುತ್ತ ಕೂತಾಗ, ಏಳು ವರ್ಷದ ಅಡುಗೆಮನೆ ಕಣ್ಣಮುಂದೆ ಬಂತು. ಅದರಲ್ಲಿ ಅತ್ತೆಯಿದ್ದರು, ಪಾತ್ರೆಗಳಿದ್ದವು, ನಾನಿದ್ದೆ. ಸದ್ದೇ ಇರಲಿಲ್ಲ.

ಆಟಕ್ಕೆ ಮೂರು ದಿನವಿರುವಾಗ ಸರಸಿ ಅಡುಗೆಮನೆಯ ನೆಲದ ಮೇಲೆ ಹತ್ತು ಬದನೆಕಾಯಿ ನಿಲ್ಲಿಸಿಕೊಂಡು ಕೂತಳು.

"ಅಮ್ಮ ಮುಂದೆ. ಅಮ್ಮ ಬಿದ್ರೆ ಅಪ್ಪ ತಾನಾಗೇ ಬೀಳ್ತಾರೆ, ಅಪ್ಪನ್ನ ಹಿಂದುಗಡೆ ಎಡಕ್ಕೆ. ಶೇಷಪ್ಪ ಚಿಕ್ಕಪ್ಪನ್ನ ಚಿಕ್ಕಮ್ಮನ ಪಕ್ಕ ಹಾಕ್ಲಾ?"

"ಅವರಿಬ್ರೂ ಮಾತು ಬಿಟ್ಟು ಎಂಟು ತಿಂಗಳಾಯ್ತು."

"ಬೀಳೋವಾಗ ಒಂದಾಗ್ತಾರೆ ಬಿಡು." ಅವಳು ಒಂದು ಗಿಡ್ಡ ಕಾಯಿಯನ್ನು ಮೂಲೆಗೆ ತಳ್ಳಿದಳು. "ಇದು ಅಣ್ಣ. ಯಾರು ತಗುಲಿದ್ರೂ ಉಪ್ಪು ಅಂತ ಬೀಳ್ತಾನೆ." ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆವು. ಕೊನೆಗೆ ಉಳಿದ ಒಂದು ಕಾಯಿಯನ್ನು ಅವಳು ಸೀರೆಗೆ ಒರೆಸಿ, ಮೂರನೆಯ ಸಾಲಿನ ನಡುವೆ, ಅಮ್ಮನ ನೇರ ಹಿಂದೆ ಇಟ್ಟಳು. "ನೀನು ಇಲ್ಲಿ."

"ನಾನ್ಯಾಕೆ ನಡುವೆ?"

"ನೀನು ಬೇಡ ಅನ್ನಲ್ವಲ್ಲ. ನಿನ್ನ ತಳ್ಳೋಕೆ ಯಾರೂ ಬೇಕಾಗಿಲ್ಲ. ತೊಂದ್ರೆ ಕೊಡೋರನ್ನೆಲ್ಲ ಒಬ್ಬರಿಗೊಬ್ರು ತಗುಲೋ ಹಾಗೆ ಹಾಕಿ, ನಮ್ಮೋರನ್ನ ನಡುವೆ ಹಾಕೋದು."

ನಮ್ಮೂರಿನ ಎಷ್ಟೋ ಜನ ಮಾಡುವ ತಪ್ಪು ಇದು. ಹೋಗಲಿ ಎನ್ನುವವರ ಬೊಂಬೆಯೂ ಗುಂಡಿಗೆ ಬೊಂಬೆಯೇ, ಅದು ಬೀಳಲೇಬೇಕು. ನಡುವಿನದನ್ನೋ, ಪಕ್ಕದವರು ಯಾರೂ ಬೀಳಿಸುವುದಿಲ್ಲ. ಅಲ್ಲಿಗೆ ಗುಂಡೇ ಹೋಗಬೇಕು. ಕಾವಲಿನ ಮನೆಯ ಮಗಳಾಗಿ ನನಗೆ ಇದು ಮೊದಲಿನಿಂದ ಗೊತ್ತು. ಬಾಯಿ ತೆರೆದೆ. "ಬದನೆಕಾಯಿ ಬಾಡುತ್ತೆ, ಕೊಡು ಹೆಚ್ಚಿಬಿಡ್ತೀನಿ," ಎಂದೆ. ಮಧ್ಯಾಹ್ನ ಅದರದೇ ಹುಳಿಯಾಯಿತು.

ಆಟದ ದಿನ ಉರುಳುಮನೆಯಲ್ಲಿ ಬೊಂಬೆ ನಿಲ್ಲಿಸುವ ಹೊನ್ನಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. "ನಿಮ್ಮ ಮನೇದೇ ಆಟ ಕಣವ್ವ. ಗುಂಡು ನಿಮ್ಮ ತವರಿನ ಬೇರೆ ಯಾರಾದ್ರೂ ಕೊಡ್ಲಾ?" ನಾನು ಹೂಂ ಎನ್ನುವಷ್ಟರಲ್ಲಿ ಸರಸಿ, "ಅತ್ತಿಗೇನೇ ಕೊಡ್ಲಿ ಅಜ್ಜಿ," ಎಂದಳು. ಆ ಹಿಂದಿನ ವಾರ ಬಾವಿಕಟ್ಟೆಯ ಹತ್ತಿರ ಜಾರಿ ಅವಳ ಮಣಿಕಟ್ಟು ಉಳುಕಿತ್ತು. ಎಣ್ಣೆ ತೀಡಿ ತೀಡಿ ಊತ ಇಳಿದಿತ್ತು. ನೋವು ಪೂರ್ತಿ ಹೋಗಿದೆಯೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಿದೆ ಎನ್ನುತ್ತಿದ್ದಳು. ಕಪಾಟಿನ ಮುಂದೆ ನಿಂತು ಹದಿನಾಲ್ಕರ ಮೇಲೆ ಕೈಯಿಟ್ಟೆ, ಅದು ತಣ್ಣಗಿತ್ತು. ಕೈ ಕೆಳಗಿನ ಸಾಲಿಗೆ ಇಳಿಯಿತು. ಮಣಿಕಟ್ಟು ನೋಯುವ ಹುಡುಗಿಗೆ ಹನ್ನೆರಡೇ ಸರಿ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಗೆ ಒರಗಿ ಕೂತಿದ್ದ ಅಪ್ಪ ನನ್ನ ಜಾಗದಲ್ಲಿದ್ದರೂ ಅದನ್ನೇ ಕೊಡುತ್ತಿದ್ದರೇನೋ. ಆದರೆ ಅಪ್ಪ ಹನ್ನೆರಡನ್ನು ಹನ್ನೆರಡು ಎಂದು ಸಾರುತ್ತಿದ್ದರು. ಹಾಗೆ ಸಾರಿದರೆ ಸರಸಿ, "ಬೇಡ, ನನಗೆ ಹದಿನಾಲ್ಕೇ ಕೊಡಿ," ಎನ್ನಬಹುದಿತ್ತು. ಒಂದು ತಿಂಗಳು ಅವಳು ಹದಿನಾಲ್ಕರಲ್ಲೇ ಕೈ ಪಳಗಿಸಿದ್ದಳು.

"ಹದಿನಾಲ್ಕು," ಎಂದು ಸಾರಿ ಅವಳ ಕೈಗಿಟ್ಟೆ. ಬೆವರಿದ ಅವಳ ಬೆರಳುಗಳು ಗುಂಡಿನ ಹಿಡಿತದ ತೂತುಗಳಿಗಾಗಿ ತಡಕಾಡಿದವು. ಮುಖ ಎತ್ತಿ ನನ್ನನ್ನು ನೋಡಿ ಸ್ವಲ್ಪ ನಕ್ಕಳು.

ಬಿಟ್ಟದ್ದು ಚೆನ್ನಾಗಿಯೇ ಬಿಟ್ಟಳು. ನೇರ, ಬಿರುಸಾಗಿ, ಅತ್ತೆಯ ಬೊಂಬೆಯ ಬಲಭುಜಕ್ಕೆ ಹೋಗಿ ತಗುಲಿತು. ಅತ್ತೆ ಬಿದ್ದರು, ಮಾವ ಬಿದ್ದರು, ಚಿಕ್ಕಪ್ಪ ಹಾರಿ ಚಿಕ್ಕಮ್ಮನ ಮೇಲೆ ಬಿದ್ದರು, ಮೂಲೆಯಲ್ಲಿ ನನ್ನ ಗಂಡ ಒಂದು ಸುತ್ತು ತಿರುಗಿ ಮಲಗಿದರು. ಜನ ಹೋ ಎಂದರು. ಗುಂಡು ಮಾತ್ರ ಅತ್ತೆಗೆ ತಗುಲಿದ ಕೂಡಲೇ ಬಲಕ್ಕೆ ಸರಿದು, ನಡುವಿನದರ ಪಕ್ಕದಲ್ಲೇ ಗಾಳಿ ಸೋಕಿದ ಹಾಗೆ ಹಾದುಹೋಯಿತು. ಧೂಳು ಇಳಿದಾಗ ಹಲಗೆಯ ಮೇಲೆ ಒಂದೇ ಒಂದು ಬೊಂಬೆ ನಿಂತಿತ್ತು. ನಮ್ಮಲ್ಲಿ ಸೊಸೆಗೆ ಗಂಡನ ಮನೆಯಲ್ಲಿ ಬೊಂಬೆ ಬರುವುದು ಐದು ವರ್ಷ ಕಳೆದ ಮೇಲೆ. ನನ್ನದು ಕಡೆದು ಒಂದು ವರ್ಷವಾಗಿರಲಿಲ್ಲ. ಬಣ್ಣ ಇನ್ನೂ ಹೊಳೆಯುತ್ತಿತ್ತು.

ಹೊನ್ನಜ್ಜಿ ಬಟ್ಟಲನ್ನು ಕೈಗೆತ್ತಿಕೊಂಡಳು. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆಗೆ ಆಗಲೇ ಮಗಳ ಪ್ರಯಾಣದ ಬುತ್ತಿಯ ಯೋಚನೆ ಬಂದುಬಿಟ್ಟಿತ್ತು. ಅವರು ಬೊಂಬೆಯನ್ನೂ ನನ್ನನ್ನೂ ನೋಡಿ ಎಲ್ಲರೆದುರು ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೇ ಬಿದ್ದೆ, ನೀನು ನಿಂತ್ಯಲ್ಲೇ!"

ನನ್ನೊಳಗೆ ಬೇಡ ಎಂಬುದು ಆಗ ಮೊದಲ ಬಾರಿಗೆ ಸ್ಪಷ್ಟವಾಗಿ ಬಂದು ಕೂತಿತು. ಬೊಂಬೆ ನಿಂತದ್ದರಿಂದ ಅದು ಬಂತೋ, ಅದು ಮೊದಲೇ ಇದ್ದದ್ದರಿಂದ ಕೈ ಕೆಳಗಿನ ಸಾಲಿಗೆ ಇಳಿಯಿತೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಹೊನ್ನಜ್ಜಿ ಬಟ್ಟಲನ್ನು ತೇಲಿಬಿಟ್ಟಳು. ಬೆಂಚಿನಿಂದ ಎದ್ದರೆ ಇಪ್ಪತ್ತು ಹೆಜ್ಜೆ. ಎದ್ದರೆ ಹೊಸ ಬೊಂಬೆ ಒಲೆಗೆ. ಐದು ವರ್ಷ ಕಾದು ಪಡೆದ ಮಾತು ಅದು. ಎದ್ದರೆ ಸರಸಿಯೂ ಇಲ್ಲ, ಮಾತೂ ಇಲ್ಲ. ಹಂಡೆಯ ನೀರಲ್ಲಿ ಬಟ್ಟಲು ಓರೆಯಾಯಿತು. ಯಾರೂ ನನ್ನ ಕಡೆ ನೋಡಲಿಲ್ಲ, ನೋಡುವಂತಿರಲಿಲ್ಲ. ಬಟ್ಟಲು ಗುಳುಕ್ ಎಂದು ಮುಳುಗಿತು.

ಅವತ್ತು ಮನೆಗೆ ಬಂದವಳೇ ಸರಸಿ ಪಾತ್ರೆ ತೊಳೆಯಲು ಕೂತಳು. ನಾನು ಹತ್ತಿರ ಹೋಗಿ ಕೂತು ಏನೋ ಹೇಳಲು ಹೊರಟೆ. "ನೀವು ಎದ್ದೇಳಿ ಅತ್ತಿಗೆ, ನಾನು ತೊಳೀತೀನಿ," ಎಂದಳು. ಅಡುಗೆಮನೆಯೊಳಗೆ ಆ ನೀವು ಕೇಳಿದ್ದು ಅದೇ ಮೊದಲು. ಸಿಟ್ಟಿರಲಿಲ್ಲ ಅದರಲ್ಲಿ, ಮರ್ಯಾದೆಯಿತ್ತು. ಮಾತು ಬಿಟ್ಟಳೆಂದರೆ ಸುಳ್ಳಾಗುತ್ತದೆ. ಬೇಳೆ ಬೆಂದಿದೆ, ಹಾಲು ಬಂದಿದೆ, ಅಣ್ಣ ಕರೀತಿದಾನೆ, ಎಲ್ಲ ಹೇಳುತ್ತಿದ್ದಳು. ಹೋಗದಂತೆ ಉಳಿಸಿಕೊಂಡ ಸರಸಿಯ ಪಕ್ಕದಲ್ಲಿ ಕೂತು, ನಾನು ಏಳು ವರ್ಷವಲ್ಲ, ಇಪ್ಪತ್ತೆರಡು ವರ್ಷ ಆ ಸದ್ದಿಲ್ಲದ ಅಡುಗೆಮನೆಯಲ್ಲಿ ಬೇಯಿಸಿದೆ. ಗೌರಾಬಾಯಿ ಪಕ್ಕದ ಬೀದಿಯ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಹೋದಳು. ಸರಸಿಗೆ ಗಂಡುಗಳು ಬಂದವು. ಅವಳು ಯಾವುದಕ್ಕೂ ಗುಂಡು ಕೇಳಲಿಲ್ಲ. ಅತ್ತೆ ಮಾವ ಹೋದರು. ಐದು ವರ್ಷದ ಹಿಂದೆ ಬಂದ ಜ್ವರ ಸರಸಿಯ ಎಡಗಿವಿಯನ್ನು ಪೂರ್ತಿ ತೆಗೆದುಕೊಂಡಿತು, ಬಲಗಿವಿಯನ್ನು ಅರ್ಧ.

ಹೋದ ವಾರ ಆ ಇನ್ನೊಬ್ಬ ಹುಡುಗಿ, ಈಗ ತಲೆ ನರೆತ ಹೆಂಗಸು, ಊರಿಗೆ ಬಂದು ಪಕ್ಕದ ಮನೆಯ ದಾಕ್ಷಾಯಣಿಯ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದ್ದಳು. ನಾನೂ ಸರಸಿಯೂ ಹಿತ್ತಲ ಬಿಸಿಲಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆವು. ಗೋಡೆಯಾಚೆಯಿಂದ ಒಂದು ಸ್ವರ ಕೆಟ್ಟದಾಗಿ, ಶ್ರುತಿ ತಿಳಿಯದ ನನಗೂ ಗೊತ್ತಾಗುವಷ್ಟು ಅಳುತ್ತಿತ್ತು. ಸರಸಿ ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ಇದ್ದಳು. ಮತ್ತೆ ಮತ್ತೆ ಅದೇ ಸ್ವರ. ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಹಾರ್ಮೋನಿಯಂ ನಿಂತಿತು. ಆಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಸರಸಿ, ಅವತ್ತು ನಾನು ಕೊಟ್ಟಿದ್ದು ಹನ್ನೆರಡು," ಎಂದೆ.

"ಆಂ?" ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು. "ಹನ್ನೆರಡಾಯ್ತಾ? ಅನ್ನಕ್ಕೆ ಇಡ್ಲಾ?"

ಅಲ್ಲಿಗೆ ಬಿಡಬಹುದಿತ್ತು. ಗೋಡೆಯಾಚೆ ದಾಕ್ಷಾಯಣಿ ಮೆಣಸು ಕುಟ್ಟುತ್ತಿದ್ದಳು. ಹೇಳಬೇಕೆಂದರೆ ಅವಳಿಗೂ ಕೇಳುವಂತೆ ಹೇಳಬೇಕು. ಅವಳಿಗೆ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಕೇಳಿದಂತೆ. ತೂಕ ಸುಳ್ಳು ಹೇಳಿದ ಕಾವಲಿನವರ ಬೀಗದ ಕೈ ಕಿತ್ತುಕೊಂಡು, ಮನೆತನಕ್ಕೇ ಕಪಾಟು ಮುಟ್ಟಬಾರದೆಂದು ಮಾಡುತ್ತಾರೆ. ನಾನು ಉಸಿರೆಳೆದುಕೊಂಡು ಕೂಗಿದೆ. "ಅವತ್ತು! ನಿನ್ನ ಆಟದ ದಿನ! ನಾನು ಹದಿನಾಲ್ಕು ಅಂದು ಹನ್ನೆರಡು ಕೊಟ್ಟೆ! ಬೇಕು ಅಂತಲೇ ಕೊಟ್ಟೆ!"

ಒನಕೆಯ ಸದ್ದು ನಿಂತಿತು. ಸರಸಿ ಮೊರವನ್ನು ಕೆಳಗಿಟ್ಟಳು.

"ಇಷ್ಟು ಕೂಗ್ಬೇಡಿ ಅತ್ತಿಗೆ. ಗೊತ್ತು ನನಗೆ," ಎಂದಳು.

"ಗೊತ್ತಾ?"

"ಉಳುಕಿದ ಕೈಗೆ ಭಾರ ತಿಳೀಲಿಲ್ಲ. ಕೈಬಿಟ್ಟು ಎರಡು ಮೊಳ ಉರುಳೋ ಅಷ್ಟರಲ್ಲೇ ಗೊತ್ತಾಯ್ತು. ಹದಿನಾಲ್ಕರ ಸದ್ದು ನೆಲದೊಳಗೆ ಹೋಗುತ್ತೆ. ಇದು ಹಲಗೆ ಮೇಲ್ಗಡೆನೇ ಓಡ್ತು."

"ಅಲ್ಲೇ ಹೇಳ್ಬಹುದಿತ್ತಲ್ಲ ಸರಸಿ! ಹೇಳಿದ್ರೆ ಆಟ ಕೆಟ್ಟಿತು ಅಂತ ಇನ್ನೊಂದು ಸಲ ಕೊಡ್ತಿದ್ರು. ನೀನು ಹೋಗಿರ್ತಿದ್ದೆ."

"ನಿಮ್ಮಪ್ಪ ಗೋಡೆಗೆ ಒರಗಿಕೊಂಡು ಅಲ್ಲೇ ಕೂತಿದ್ರು. ಅವರ ಮುಂದೆ ಹೇಗೆ ಹೇಳೋದು?" ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದಳು. "ಅದು ಅವತ್ತಿನ ಮಾತು. ಆಮೇಲೆ ಬೇಕು ಅಂತಲೇ ಹೇಳಲಿಲ್ಲ. ಗೊತ್ತು ಅಂತ ಹೇಳಿಬಿಟ್ರೆ ನಿಮಗೆ ಹಗುರ ಆಗ್ತಿತ್ತು. ಅಷ್ಟು ಒಳ್ಳೇವಳಲ್ಲ ನಾನು."

ಗೋಡೆಯಾಚೆ ದಾಕ್ಷಾಯಣಿ ಒಳಗೆ ಓಡಿದ ಬಳೆಸದ್ದು ಕೇಳಿತು, ನನಗೆ ಮಾತ್ರ. ಸರಸಿ ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಕಿವಿ ಮಂದವಾದವರು ಮಾತಾಡುವ ಹಾಗೆ ಬೇಕಾದುದಕ್ಕಿಂತ ಗಟ್ಟಿಯಾಗಿ, ಅಕ್ಕಿಯನ್ನೇ ನೋಡುತ್ತ ಹೇಳಿದಳು.

"ಬಟ್ಟಲು ತುಂಬೋ ತನಕ ನಾನು ನಿಮ್ಮ ಕಾಲನ್ನೇ ನೋಡ್ತಾ ಇದ್ದೆ. ಮುಖ ನೋಡೋ ಹಾಗಿಲ್ಲವಲ್ಲ. ಇನ್ನೇನು ಮುಳುಗ್ಬೇಕು, ನೀವು ಬಲಗಾಲನ್ನ ಮುಂದೆ ತಂದು ನೆಲಕ್ಕೆ ಊರಿದ್ರಿ. ಎದ್ದೇಬಿಟ್ರು ಅಂದ್ಕೊಂಡೆ. ಏಳಲಿಲ್ಲ, ಹೋಗ್ಲಿ. ಮನಸ್ಸಂತೂ ಮಾಡಿದ್ರಲ್ಲ. ಇಷ್ಟು ವರ್ಷ ಈ ಮನೇಲಿ ನಿಮ್ಮ ಜೊತೆ ಕೂತು ಉಣ್ಣೋಕೆ ನನಗೆ ಅದೊಂದು ಸಾಕಾಯ್ತು."

ಅವಳು ತಲೆಯೆತ್ತಿ, ಹೌದೋ ಅಲ್ಲವೋ ಎಂದು ಕೇಳುವವಳಂತೆ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವತ್ತು ಮನೆಗೆ ಹೊರಡಲೆಂದು ನಾನು ಕೂತಿದ್ದ ಬೆಂಚಿನ ಮುಂದೆ ಕಾಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ ಎಂಬುದನ್ನು ಕೂಗಿ ಹೇಳಲು ನನ್ನಿಂದಾಗಲಿಲ್ಲ.